ಅರ್ಧ ಮೆಮೊರಿಯ ಆರು ಯಂತ್ರಗಳು

ರಬ್ಬರಿನ ಪುಡಿಯ ವಾಸನೆ ಮೂಗಿಗೆ ತಾಗಿದ್ದೇ ತಡ, ಟೈಪಿಂಗ್ ಮೇಡಂ ಒಂದು ಗಳಿಗೆ ಏಳು ವರ್ಷದ ಹುಡುಗಿಯಾದರು. ಅವರ ಅಪ್ಪ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಸಂಜೆ ಮನೆಗೆ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ ತೋಳಿನ ಮಡಿಕೆಯಿಂದ ಬೂದು ಬಣ್ಣದ ಪುಡಿ ಉದುರುತ್ತಿತ್ತು. ಸೀಸದಕಡ್ಡಿ, ಬೆವರು, ಉಜ್ಜಿ ಉಜ್ಜಿ ಬಿಸಿಯಾದ ರಬ್ಬರು, ಮೂರೂ ಬೆರೆತ ವಾಸನೆ. ಮಿಕ್ಕವರ ಅಪ್ಪಂದಿರಿಗೆ ಬೇರೆ ವಾಸನೆ ಇರಬಹುದೆಂದು ಅವರಿಗೆ ಆ ವಯಸ್ಸಿನಲ್ಲಿ ಹೊಳೆದಿರಲಿಲ್ಲ.

"ಮೇಲಿಂದ ಕೆಳಕ್ಕೆ ಉಜ್ಜಿ ಮೇಡಂ. ಅಡ್ಡಡ್ಡ ಉಜ್ಜಿದ್ರೆ ಹಲ್ಲು ಕಿತ್ಕೊಂಡು ಬರುತ್ತೆ," ಎಂದ ಫ್ಯೂಸಣ್ಣ. ಮೇಡಂ ಅವರ ಟೈಪಿಂಗ್ ಸಂಸ್ಥೆಯ ಕೆಳಗಿನ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ರೇಡಿಯೋ, ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವನು. ಅವನ ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ.

ಮೇಡಂ ಕೈಯಲ್ಲಿದ್ದದ್ದು ಬೆರಳುದ್ದದ ಮೆಮೊರಿ ಕಡ್ಡಿ. ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳು ಕಪ್ಪಿಟ್ಟಿದ್ದವು. ರಬ್ಬರಿನಿಂದ ಉಜ್ಜಿ, ಊದಿ, ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಓರೆಯಾಗಿ ತೂರಿಸಿ ಒತ್ತಿದರು. ಟಕ್ ಎಂದಿತು. ಗುಂಡಿ ಅದುಮಿದಾಗ, ಬೆಳಗಿನಿಂದ ಬರೀ ಕೀ ಕೀ ಎಂದು ಹಟ ಮಾಡುತ್ತಿದ್ದ ಆರನೆಯ ಯಂತ್ರ ಕಣ್ಣು ಬಿಟ್ಟಿತು.

"ನೋಡಿದ್ಯಾ," ಎಂದರು ಮೇಡಂ.

"ಕಣ್ಣು ಬಿಡೋದು ಬೇರೆ, ಎದ್ದು ಓಡಾಡೋದು ಬೇರೆ," ಎಂದು ಫ್ಯೂಸಣ್ಣ ಸ್ಕ್ರೂಡ್ರೈವರನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದ. ಹೋಗುವಾಗ, ಯಾರೂ ಕೇಳದಿದ್ದರೂ, ಬಾಗಿಲ ಬಳಿ ಸಡಿಲವಾಗಿದ್ದ ಪ್ಲಗ್ ಪಾಯಿಂಟನ್ನು ಎರಡು ಸುತ್ತು ಬಿಗಿ ಮಾಡಿ ಹೋದ.

ಆರು ಯಂತ್ರಗಳೂ ಒಂದು ವಿಮಾ ಕಚೇರಿ ಗುಜರಿಗೆ ಹಾಕಲು ತೆಗೆದಿಟ್ಟವು. ಅಲ್ಲಿನ ಗುಮಾಸ್ತೆ ಮೇಡಂ ಅವರ ಹಳೆಯ ವಿದ್ಯಾರ್ಥಿನಿ. ಒಂದೊಂದನ್ನೂ ಹಳೆ ಟವಲ್ಲಿನಲ್ಲಿ ಸುತ್ತಿ, ಎರಡು ಸಲ ಓಡಾಡಿ, ತಾನೇ ತಂದಿಳಿಸಿ ಹೋಗಿದ್ದಳು. ಅವು ಬೇಕಾದದ್ದು ಪರೀಕ್ಷಾ ಮಂಡಳಿಯ ಒಂದು ಕಾಗದದಿಂದ. ಈ ಸಲದಿಂದ ಇಂಗ್ಲಿಷ್ ಟೈಪಿಂಗ್ ಪರೀಕ್ಷೆ ಕಂಪ್ಯೂಟರಿನಲ್ಲಿ ಮಾತ್ರ. ಕೇಂದ್ರದಲ್ಲಿ ಚಾಲನೆಯಲ್ಲಿರುವ ಆರು ಯಂತ್ರ ಇರಲೇಬೇಕು. ಗುರುವಾರ ತಪಾಸಣೆ, ಭಾನುವಾರ ಪರೀಕ್ಷೆ. ಇಲ್ಲದಿದ್ದರೆ ಹನ್ನೊಂದು ಅಭ್ಯರ್ಥಿಗಳೂ ಬಸ್ಸಿನಲ್ಲಿ ಮೂರು ತಾಸು ದೂರದ ಕೇಂದ್ರಕ್ಕೆ ಹೋಗಬೇಕು.

ಹತ್ತು ಮಂದಿ ಹೇಗೋ ಹೋಗುತ್ತಿದ್ದರು. ಹನ್ನೊಂದನೆಯವಳಿಗೆ ಆಗುತ್ತಿರಲಿಲ್ಲ. ಅವಳು ದೊಡ್ಡಾಸ್ಪತ್ರೆಯ ಆಯಾ. ಹತ್ತೊಂಬತ್ತು ವರ್ಷದಿಂದ ರೋಗಿಗಳನ್ನು ಎತ್ತಿ ಇಳಿಸಿ ಸೊಂಟ ಹೋಗಿತ್ತು. ದಾಖಲೆ ಕೋಣೆಯಲ್ಲಿ ಒಂದು ಕುರ್ಚಿಯ ಕೆಲಸ ಖಾಲಿಯಾಗಿತ್ತು; ಅದಕ್ಕೆ ಟೈಪಿಂಗ್ ಪಾಸಾಗಿರಬೇಕು, ವಯಸ್ಸು ನಲವತ್ತೆರಡು ತುಂಬಿರಬಾರದು. ಅವಳಿಗೆ ಬರುವ ತಿಂಗಳು ನಲವತ್ತೆರಡು ತುಂಬುತ್ತಿತ್ತು. ಶನಿವಾರದ ರಾತ್ರಿಪಾಳಿ ಮುಗಿಯುವುದೇ ಭಾನುವಾರ ಬೆಳಿಗ್ಗೆ ಎಂಟಕ್ಕೆ, ಪರೀಕ್ಷೆ ಒಂಬತ್ತಕ್ಕೆ. ರಜೆ ಕೇಳಿ ಎರಡು ಸಲ ಬೈಸಿಕೊಂಡಿದ್ದಳು. ಇಲ್ಲಿಯಾದರೆ ಆಸ್ಪತ್ರೆಯಿಂದ ಹತ್ತು ನಿಮಿಷದ ದಾರಿ.

ಹಾಗಾಗಿ ಮೇಡಂ ಪಟ್ಟಿ ಹಿಡಿದು ಕೂತಿದ್ದರು. ಹಳೆಯ ಯಂತ್ರಗಳಿಗೆ, ಅವನ್ನು ನಡೆಸುವ ಹೊಸ ಆಪರೇಟಿಂಗ್ ವ್ಯವಸ್ಥೆ ಹಾಕಹೋದರೆ ಏದುಸಿರು ಬಿಡುತ್ತವೆ. ಆದರೆ ಯುನಿಕ್ಸ್ ಎಂಬ ಹಳೆಯ ಮನೆತನಕ್ಕೆ ಸೇರಿದ, ಮೈ ಹಗುರಾದ ಒಂದು ವ್ಯವಸ್ಥೆ ಇದೆ, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಮಂಡಳಿಯ ಟೈಪಿಂಗ್ ಪ್ರೋಗ್ರಾಂ ಅದರಲ್ಲೂ ಓಡುತ್ತದೆ ಎಂದು ಗುಮಾಸ್ತೆಯೇ ಹೇಳಿದ್ದಳು. ಅದಕ್ಕೆ ಏನೇನು ಬೇಕೆಂಬ ಪಟ್ಟಿಯನ್ನು ಮೇಡಂ ಅಚ್ಚು ಹಾಕಿಸಿ ತಂದು, ಸೀಸದಕಡ್ಡಿಯಲ್ಲಿ ಒಂದೊಂದು ಸಾಲಿಗೂ ಗುರುತು ಹಾಕುತ್ತಾ ಓದಿದರು. ಪ್ರೊಸೆಸರ್, ಇಪ್ಪತ್ತು ವರ್ಷದೊಳಗಿನದು ಯಾವುದಾದರೂ ಸರಿ. ಇದೆ. ಡಿಸ್ಕಿನಲ್ಲಿ ಹತ್ತು ಜಿಬಿ ಜಾಗ. ಬೇಕಾದಷ್ಟಿದೆ. ಮೆಮೊರಿ, ಒಂದು ಜಿಬಿ ಇದ್ದರೆ ಒಳ್ಳೆಯದು. ಇಲ್ಲಿತ್ತು ತೊಡಕು. ಆರಕ್ಕೂ ಇದ್ದದ್ದು ಅದರಲ್ಲಿ ಅರ್ಧ. ಫ್ಯೂಸಣ್ಣ ತನ್ನ ಬಿಸ್ಕತ್ತಿನ ಡಬ್ಬಿಯನ್ನೆಲ್ಲ ಜಾಲಾಡಿ ಎರಡು ಕಡ್ಡಿ ತಂದುಕೊಟ್ಟಿದ್ದ, ಹಲ್ಲು ಹೊಂದಲಿಲ್ಲ. ಅಂಥವು ಈಗ ತಯಾರಾಗುತ್ತಲೂ ಇರಲಿಲ್ಲ.

ಆದರೆ ಪುಟದ ತಳದಲ್ಲಿ ಇನ್ನೊಂದು ಮಾತಿತ್ತು. ಮೆಮೊರಿ ಕಡಿಮೆ ಇದ್ದರೆ ಡಿಸ್ಕಿನಲ್ಲೇ ಒಂದಿಷ್ಟು ಜಾಗವನ್ನು ಅದಕ್ಕೆಂದು ಬಿಟ್ಟುಕೊಡಬಹುದು.

"ಅಂದ್ರೆ?" ಎಂದು ಕೇಳಿದಳು ತಂಗಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಅಕ್ಕ ತಂಗಿ ಇಬ್ಬರೂ ಸಂಸ್ಥೆಯ ಹಿಂದಿನ ಎರಡು ಕೋಣೆಗಳಲ್ಲಿ ಇದ್ದರು.

"ಅಡುಗೆ ಕಟ್ಟೆ ಸಣ್ಣದಾದ್ರೆ ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಪಾತ್ರೆ ಇಟ್ಕೊಳ್ಳಲ್ವಾ, ಹಾಗೆ. ಬಗ್ಗಿ ಎದ್ದು ಮಾಡಬೇಕು, ಸ್ವಲ್ಪ ನಿಧಾನ ಆಗುತ್ತೆ. ಅಡುಗೆ ಅಂತೂ ಆಗುತ್ತೆ."

"ಅಡುಗೆ ನಾನಲ್ವಾ ಮಾಡೋದು, ನಿನಗೆಲ್ಲಿ ಗೊತ್ತಾಯ್ತು ಸ್ಟೂಲಿನ ವಿಷಯ."

ಆ ಜಾಗ ಎಲ್ಲಿದೆಯೆಂದು ಯಂತ್ರಕ್ಕೆ ಒಂದು ಕಡತದಲ್ಲಿ ಕೈಯಾರೆ ಒಂದು ಸಾಲು ಬರೆದು ತಿಳಿಸಬೇಕಿತ್ತು. ಕಾಗದಕ್ಕೆ ವಿಳಾಸ ಬರೆದ ಹಾಗೆ. ಹೆಸರಿನ ಮೂರು ಅಕ್ಷರ, ಕೊನೆಗೆ ಒಂದು ಅಂಕಿ. ಮೇಡಂ ಆ ಸಾಲನ್ನು ಕೀಲಿಮಣೆ ನೋಡದೆ ಹೊಡೆದರು. ಆರು ಯಂತ್ರಕ್ಕೆ ಆರು ಸಲ. ಮೂವತ್ತೇಳು ವರ್ಷದಲ್ಲಿ ಅವರು ಕೀಲಿಮಣೆ ನೋಡಿದ್ದನ್ನು ಕಂಡವರಿಲ್ಲ. ಸೋಮವಾರ ಸಂಜೆಯ ಹೊತ್ತಿಗೆ ಉದ್ದದ ಮೇಜಿನ ಮೇಲೆ ಆರು ಪರದೆಗಳು ಸಾಲಾಗಿ ನೀಲಿಯಾಗಿ ಬೆಳಗುತ್ತಿದ್ದವು. ಮೇಡಂ ಅವುಗಳ ಮುಂದೆ ಒಂದು ಸುತ್ತು ನಡೆದು, ಹಾಜರಿ ತೆಗೆದುಕೊಂಡವರಂತೆ ತಲೆದೂಗಿದರು.

ಮಂಗಳವಾರ ಬೆಳಿಗ್ಗೆ ಪಾಳಿ ಮುಗಿಸಿ ಆಯಾ ನೇರ ಬಂದಳು. ಇಷ್ಟು ದಿನ ಅವಳು ಕಲಿತದ್ದು ಸಂಸ್ಥೆಯ ಹಳೆಯ ಟೈಪ್‌ರೈಟರಿನಲ್ಲಿ. ಕಂಪ್ಯೂಟರಿನ ಕೀಲಿಗಳ ಮೇಲೆ ಬೆರಳಿಟ್ಟವಳೇ ಕೈ ಹಿಂತೆಗೆದಳು.

"ಇಷ್ಟು ಮೆತ್ತಗಿದೆ ಮೇಡಂ. ಹಸುಗೂಸು ಮುಟ್ಟಿದ ಹಾಗಾಗುತ್ತೆ."

"ನೀನು ಅಲ್ಲಿ ಹೊಡೀತಿದ್ದೆ, ಇಲ್ಲಿ ಮುಟ್ಟು. ಅಷ್ಟೇ ವ್ಯತ್ಯಾಸ."

ಅವಳು ಮುಟ್ಟಿದಳು. ಬೆರಳುಗಳು ಬೇಗ ಹೊಂದಿಕೊಂಡವು. ಮೇಡಂ ಗಡಿಯಾರ ನೋಡುತ್ತಾ ನಿಂತರು. ಹನ್ನೆರಡನೆಯ ನಿಮಿಷದಲ್ಲಿ ಪರದೆ ನಿಂತುಹೋಯಿತು. ಆಯಾ ಇನ್ನೂ ಒಂದು ಸಾಲು ಹೊಡೆದಳು, ಒಂದಕ್ಷರವೂ ಮೂಡಲಿಲ್ಲ. ಎರಡನೆಯ ಯಂತ್ರಕ್ಕೆ ಕೂರಿಸಿದರು. ಹದಿಮೂರನೆಯ ನಿಮಿಷ. ಮೂರನೆಯದು ಹನ್ನೊಂದಕ್ಕೇ ಕೈ ಎತ್ತಿತು. ಪರೀಕ್ಷೆ ಇದ್ದದ್ದು ಮೂವತ್ತು ನಿಮಿಷ.

ಆಯಾ ಕುರ್ಚಿಯನ್ನು ಸದ್ದಾಗದಂತೆ ಒಳಗೆ ಸರಿಸಿ, "ನಾಳೆ ಬರ್ತೀನಿ ಮೇಡಂ," ಎಂದಳು. ಮೆಟ್ಟಿಲು ಇಳಿಯುವಾಗ ಸೊಂಟಕ್ಕೆ ಕೈ ಕೊಟ್ಟು ಒಂದೊಂದೇ ಇಳಿದಳು.

ಫ್ಯೂಸಣ್ಣ ಬಂದು ಆರನ್ನೂ ನೋಡಿದ. "ಮಂಡಳಿ ಪ್ರೋಗ್ರಾಂ ಒಂದೊಂದು ಒತ್ತನ್ನೂ ನೆನಪಿಟ್ಕೊಳ್ಳುತ್ತೆ. ಹನ್ನೆರಡು ನಿಮಿಷಕ್ಕೆ ಹೊಟ್ಟೆ ತುಂಬಿ ಹೋಗ್ತಿದೆ. ನಾನು ಮೊದಲೇ ಅಂದಿದ್ದೆ. ಒಂದಕ್ಕೆ ಕಾಯಿಲೆ ಅಂದ್ರೆ ಔಷಧಿ ಮಾಡಬಹುದು. ಆರಕ್ಕೆ ಆರೂ ಹಿಂಗೇ ಅಂದ್ರೆ ಅದು ಕಾಯಿಲೆ ಅಲ್ಲ ಮೇಡಂ, ವಯಸ್ಸು."

"ನನಗೂ ವಯಸ್ಸಾಗಿದೆ. ಮೂವತ್ತು ನಿಮಿಷ ನಾನೂ ಟೈಪ್ ಮಾಡ್ತೀನಿ."

"ನಿಮ್ಮ ಹೊಟ್ಟೇಲಿ ಒಂದು ಜಿಬಿ ಇದೆ ಬಿಡಿ," ಎಂದು ಅವನು ನಕ್ಕ. ಆದರೆ ಹೋಗಲಿಲ್ಲ. ಮೇಡಂ ಸ್ಟೂಲಿನ ಉಪಾಯ ಹೇಳಿದಾಗ ಹುಬ್ಬೇರಿಸಿ ಕೇಳಿಸಿಕೊಂಡ. ಯಂತ್ರ ಆ ಜಾಗವನ್ನು ಬಳಸುತ್ತಿದೆಯೇ ಎಂದು ವಿಚಾರಿಸುವ ಒಂದು ಆಜ್ಞೆ ಪಟ್ಟಿಯಲ್ಲೇ ಇತ್ತು. ಮೇಡಂ ಹೊಡೆದರು. ಹೆಚ್ಚುವರಿ ಜಾಗ: ಸೊನ್ನೆ. ಆರರಲ್ಲೂ ಸೊನ್ನೆ.

"ಸ್ಟೂಲ್ ಇಟ್ಟಿದ್ದೀರಿ, ಯಂತ್ರಕ್ಕೆ ಕಾಣ್ತಾ ಇಲ್ಲ," ಎಂದ ಫ್ಯೂಸಣ್ಣ. "ಡಿಸ್ಕು ಹೋಗಿರಬೇಕು."

ಅವನು ಹೋದ ಮೇಲೆ ಮೇಡಂ ಆರೂ ಸೊನ್ನೆಗಳನ್ನು ಒಂದೊಂದಾಗಿ ಮತ್ತೆ ನೋಡುತ್ತಾ ಬಂದರು. ಏನೋ ಒಂದು ಎಳೆ ಕೈಗೆ ಸಿಕ್ಕೂ ಸಿಗದಂತಿತ್ತು. ತರಗತಿಯಲ್ಲಿ ಒಬ್ಬಳು ಒಂದು ಪದ ತಪ್ಪು ಹೊಡೆದರೆ ಅದು ಅವಳ ತಪ್ಪು. ಇಡೀ ತರಗತಿ ಅದೇ ಪದ ತಪ್ಪು ಹೊಡೆದರೆ, ಅವರು ಮಕ್ಕಳನ್ನು ಬಿಟ್ಟು ತಾವು ಕೊಟ್ಟ ಪಾಠದ ಹಾಳೆಯನ್ನು ತೆಗೆದು ನೋಡುತ್ತಿದ್ದರು.

"ಆರು ಡಿಸ್ಕೂ ಒಂದೇ ದಿನ ಹಾಳಾಗಲ್ಲ," ಎಂದರು ಬುಧವಾರ ಬೆಳಿಗ್ಗೆ, ಹಲ್ಲುಜ್ಜುತ್ತಿದ್ದ ತಂಗಿಗೆ. "ತಪ್ಪು ನನ್ನದು. ನೀನು ಬಾ. ನಾನು ಹೊಡೀತೀನಿ, ನೀನು ಪಟ್ಟಿ ನೋಡ್ಕೊಂಡು ತಾಳೆ ಹಾಕು."

ತಂಗಿ ಬಾಯಿ ತೊಳೆದುಕೊಂಡು ಕನ್ನಡಕ ಹಾಕಿ ಬಂದಳು. ಮೂರು ಸಲ ಪರದೆಯನ್ನೂ ಕಾಗದವನ್ನೂ ಹೋಲಿಸಿದಳು. ಎರಡೂ ಒಂದೇ ಥರ ಕಾಣುತ್ತಿದ್ದವು.

"ಹೀಗಲ್ಲ. ಎಕ್ಸ್‌ಚೇಂಜಲ್ಲಿ ನಂಬರ್ ತಪ್ಪಾದ್ರೆ ಗಿರಾಕಿ ಹತ್ರ ಒಂದೊಂದೇ ಹೇಳಿಸ್ತಿದ್ವಿ. ನೀನು ಬಾಯಿಬಿಟ್ಟು ಹೇಳ್ತಾ ಹೊಡಿ. ನಾನು ಪರದೆ ನೋಡಲ್ಲ, ನಿನ್ನ ಕೈ ನೋಡ್ತೀನಿ."

ಮೇಡಂ ಕಣ್ಣು ಮುಚ್ಚಿಕೊಂಡೇ ಹೇಳುತ್ತಾ ಹೊಡೆದರು. "ಎಸ್. ಡಿ. ಎ. ಒಂದು."

"ಇನ್ನೊಂದು ಸಲ."

"ಎಸ್. ಡಿ. ಎ. ಒಂದು."

"ಅಕ್ಕ," ಎಂದಳು ತಂಗಿ, ಮೆಲ್ಲಗೆ. "ಒಂದು ಎಲ್ಲಿದೆ?"

"ಎಲ್ಲಿದೆ ಅಂದ್ರೇನೇ. ಅಲ್ಲೇ."

"ಬಾಯಿ ಒಂದು ಅಂತಿದೆ. ಬೆರಳು ನಡುವಿನ ಸಾಲು ಬಿಟ್ಟು ಏಳಲೇ ಇಲ್ಲ. ಅಂಕಿ ಎಲ್ಲಾ ಮೇಲಿನ ಸಾಲಲ್ಲಿ ತಾನೇ ಇರೋದು?"

ಮೇಡಂ ಕಣ್ಣು ಬಿಟ್ಟು ತಮ್ಮ ಬಲಗೈ ನೋಡಿಕೊಂಡರು. ಉಂಗುರ ಬೆರಳು ನಡುವಿನ ಸಾಲಿನಲ್ಲಿ, ಇಂಗ್ಲಿಷಿನ ಎಲ್ ಅಕ್ಷರದ ಮೇಲೆ ಹಾಯಾಗಿ ಕೂತಿತ್ತು.

ಅವರು ಕಲಿತ ಯಂತ್ರದಲ್ಲಿ, ಅವರು ಕಲಿಸಿದ ಯಂತ್ರಗಳಲ್ಲಿ, ಒಂದು ಎಂಬ ಅಂಕಿಗೆ ಬೇರೆ ಕೀಲಿಯೇ ಇರಲಿಲ್ಲ. ಮೇಲಿನ ಸಾಲು ಎರಡರಿಂದ ಶುರು. ಒಂದು ಬೇಕಾದಾಗ ಸಣ್ಣ ಎಲ್ ಹೊಡೆಯುವುದು. ಕಾಗದದ ಮೇಲೆ ಎರಡಕ್ಕೂ ಕೂದಲಷ್ಟೂ ವ್ಯತ್ಯಾಸ ಕಾಣದು. ಕಂಪ್ಯೂಟರ್ ಬಂದ ಮೇಲೂ ಕಾಗದ ಪತ್ರಗಳಲ್ಲಿ ಹಾಗೇ ಹೊಡೆದರು, ಓದಿದವರು ಯಾರೂ ಆಕ್ಷೇಪಿಸಲಿಲ್ಲ. ಮನುಷ್ಯರು ಸುಧಾರಿಸಿಕೊಂಡು ಓದುತ್ತಾರೆ. ಯಂತ್ರ ಮಾತ್ರ ಆರು ಸಲವೂ, ಇಲ್ಲದ ವಿಳಾಸವನ್ನು ಹುಡುಕಿ ಸೋತು ಸುಮ್ಮನಾಗಿತ್ತು.

ಮೇಡಂ ಎಡಗೈಯ ಕಿರುಬೆರಳನ್ನು ಮೇಲಿನ ಸಾಲಿನ ತುದಿಗೆ ಒಯ್ದು, ಹೊಸ ಹುಡುಗಿಯಂತೆ ನೋಡಿಕೊಂಡು, ಒಂದನ್ನು ಒತ್ತಿದರು. ಯಂತ್ರವನ್ನು ಆರಿಸಿ ಹಚ್ಚಿದರು. ಹೆಚ್ಚುವರಿ ಜಾಗದಲ್ಲಿ ಸೊನ್ನೆಯ ಬದಲು ಉದ್ದದ ಒಂದು ಸಂಖ್ಯೆ ಬಂದಿತ್ತು. ತಾವೇ ಕೂತು ಮೂವತ್ತು ನಿಮಿಷ ಹೊಡೆದರು. ಹದಿಮೂರನೆಯ ನಿಮಿಷದಲ್ಲಿ ಒಳಗೆ ಡಿಸ್ಕು ಗರಗರ ಎಂದು ಗೊಣಗಿತು. ನಿಲ್ಲಲಿಲ್ಲ.

ತಂಗಿ ಕೈ ತಟ್ಟಿದಳು. ಮೇಡಂ ನಗಲಿಲ್ಲ. ಎದ್ದು ಹೋಗಿ ಕಪಾಟಿನಿಂದ ಆಯಾಳ ಅಭ್ಯಾಸದ ಹಾಳೆಗಳನ್ನು ತಂದರು. ಪರೀಕ್ಷೆಗೆ ಬರುವುದು ಕಚೇರಿ ಪತ್ರ; ತಾರೀಕು, ಕ್ರಮಾಂಕ, ಮೊತ್ತ, ಒಂದು ಪತ್ರದಲ್ಲಿ ಕಡಿಮೆಯೆಂದರೂ ಇಪ್ಪತ್ತು ಸಲ ಒಂದು. ತಿದ್ದುವುದು ಈ ಸಲ ಮನುಷ್ಯರಲ್ಲ. ಹತ್ತು ತಪ್ಪು ದಾಟಿದರೆ ನಪಾಸು.

"ಆ ಹುಡುಗೀಗೆ ನಾನೇ ಕಲಿಸಿದ್ದು," ಎಂದರು. ನಲವತ್ತೆರಡಕ್ಕೆ ಕಾಲಿಡುತ್ತಿದ್ದ ಆಯಾ ಅವರಿಗೆ ಹುಡುಗಿಯೇ. "ಬೆರಳು ಹಿಡಿದು, ಇಲ್ಲಿ ಇಡು ಅಂತ."

"ಎಲ್ಲರಿಗೂ ಹೇಳಿಬಿಡು."

"ಹೇಳದೆ ಮತ್ತೆ."

ಉಳಿದ ಐದು ಯಂತ್ರಗಳಲ್ಲೂ ಆ ಸಾಲನ್ನು ತಿದ್ದಿ, ಮಧ್ಯಾಹ್ನ ಹನ್ನೊಂದು ಮಂದಿಯನ್ನೂ ಕರೆಸಿದರು. ನಿಂತೇ ಹೇಳಿದರು, ಸುತ್ತುಬಳಸದೆ. "ಒಂದು ಅಂಕಿ ನಾನು ನಿಮಗೆ ತಪ್ಪು ಜಾಗದಲ್ಲಿ ಕಲಿಸಿದ್ದೀನಿ. ಟೈಪ್‌ರೈಟರಿಗೆ ಅದು ಸರಿ, ಇದಕ್ಕೆ ತಪ್ಪು. ನನಗೆ ಇವತ್ತು ಬೆಳಿಗ್ಗೆವರೆಗೂ ಗೊತ್ತಿರಲಿಲ್ಲ. ಭಾನುವಾರದೊಳಗೆ ನಿಮ್ಮ ಬೆರಳಿಗೆ ಅದನ್ನ ಮರೆಸಬೇಕು. ನನ್ನ ಬೆರಳಿಗೂ."

ಹಿಂದಿನ ಬೆಂಚಿನ ಅಂಚೆ ಕಚೇರಿಯ ಸಹಾಯಕ, "ಮೇಡಂ ತಪ್ಪು ಮಾಡಿದ್ದನ್ನ ನೋಡೋಕೆ ನಮಗೆ ಪುಣ್ಯ ಇತ್ತು ಬಿಡಿ," ಎಂದ. ಎಲ್ಲರೂ ನಕ್ಕರು. ಮೇಡಂ ಕೂಡ.

ಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಮೇಲಿನ ಸಾಲಿಗೆ ಹೋಗೆಂದು ತಲೆ ಹೇಳಿದರೆ ಬೆರಳು ತನ್ನ ಪಾಡಿಗೆ ಎಲ್ ಒತ್ತಿ ಮುಗಿಸುತ್ತಿತ್ತು. ಆಯಾ ಅರ್ಧ ತಾಸು ಹೆಣಗಿ, ಎದ್ದು, ತನ್ನ ಚೀಲದಿಂದ ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರಿನ ಸುರುಳಿ ತೆಗೆದಳು. ಸೊಂಟದ ನೋವಿಗೆ ಪಟ್ಟಿ ಅಂಟಿಸಿಕೊಳ್ಳಲು ಸದಾ ಇಟ್ಟುಕೊಂಡಿರುತ್ತಿದ್ದಳು. ಒಂದು ತುಂಡು ಹರಿದು ಬಲಗೈ ಉಂಗುರ ಬೆರಳ ತುದಿಗೆ ಸುತ್ತಿಕೊಂಡಳು.

"ಕೂಸುಗಳು ಹೆಬ್ಬೆಟ್ಟು ಚೀಪೋದನ್ನ ಹೀಗೇ ಬಿಡಿಸ್ತೀವಿ. ಬೆರಳು ಅಲ್ಲಿಗೆ ಹೋದ್ರೆ ಒರಟು ತಾಗುತ್ತೆ. ಓ, ಇಲ್ಲಿ ಯಾಕೆ ಬಂದೆ ಅಂತ ತಾನೇ ಕೇಳ್ಕೊಳ್ಳುತ್ತೆ."

"ನನಗೂ ಹಾಕು," ಎಂದು ಮೇಡಂ ಕೈ ಚಾಚಿದರು. ಆಯಾ ಅವರ ಬೆರಳನ್ನು ಅಂಗೈಯಲ್ಲಿಟ್ಟುಕೊಂಡು, ಬಿಗಿಯಾಗದಂತೆ, ಸುಕ್ಕಾಗದಂತೆ ಸುತ್ತಿದಳು. ಆಮೇಲೆ ಬೆಂಚಿನಿಂದ ಬೆಂಚಿಗೆ ಹೋಗಿ ಎಲ್ಲರಿಗೂ ಸುತ್ತಿದಳು. ಸುರುಳಿ ಮುಗಿದೇ ಹೋಯಿತು.

ಗುರುವಾರ ಹತ್ತಕ್ಕೆ ಸರಿಯಾಗಿ ತಪಾಸಣೆಯವರು ಬಂದರು. ತೆಳ್ಳಗಿನ ಮನುಷ್ಯ, ಕೈಯಲ್ಲೊಂದು ಕಡತ. ಯಂತ್ರಗಳ ವಯಸ್ಸು ನೋಡಿ ಅವರ ಮುಖ ಸಣ್ಣಗಾಯಿತು.

"ಇವು ಮೂವತ್ತು ನಿಮಿಷ ತಡೀತಾವಾ ಮೇಡಂ?"

"ಕೂತು ನೋಡಿ. ನನಗೇನೂ ಅವಸರ ಇಲ್ಲ."

ಆರು ಮಂದಿಯನ್ನು ಕೂರಿಸಿ ಅವರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಐದನೆಯ ನಿಮಿಷಕ್ಕೆ ಅವರ ಕಣ್ಣು ಪರದೆ ಬಿಟ್ಟು ಕೈಗಳ ಮೇಲೆ ಬಿತ್ತು.

"ಏನಿದು, ಎಲ್ಲರಿಗೂ ಒಂದೇ ಬೆರಳಿಗೆ ಗಾಯ?"

"ಹಳೇ ಗಾಯ. ವಾಸಿ ಆಗ್ತಾ ಇದೆ," ಎಂದರು ಮೇಡಂ, ತಮ್ಮ ಬೆರಳನ್ನೂ ಬಚ್ಚಿಡದೆ.

ಹನ್ನೆರಡು, ಹದಿಮೂರು, ಹದಿನಾಲ್ಕು. ಡಿಸ್ಕುಗಳು ಒಂದಾದ ಮೇಲೊಂದು ಗೊಣಗಿದವು. ಬಾಗಿಲ ಮರೆಯಲ್ಲಿ ಫ್ಯೂಸಣ್ಣ ಉಸಿರು ಬಿಗಿಹಿಡಿದು ನಿಂತಿದ್ದ. ಅಂಗಡಿಯಲ್ಲಿ ಗಿರಾಕಿ ಕೂಗುತ್ತಿದ್ದರೂ ಅಲುಗಲಿಲ್ಲ. ಮೂವತ್ತಾಯಿತು. ತಪಾಸಣೆಯವರು ಗಡಿಯಾರ ಕಟ್ಟಿಕೊಂಡು ಕಡತಕ್ಕೆ ಸಹಿ ಹಾಕಿದರು. ಹೊರಡುವ ಮುನ್ನ ಕಿಟಕಿ ಪಕ್ಕದ ಯಂತ್ರವನ್ನು, ಬೆಳಗಿನ ಬಿಸಿಲು ಪರದೆಗೆ ಹೊಡೆಯದಂತೆ, ತಾವೇ ಒಂದು ಮೊಳ ಒಳಗೆ ಸರಿಸಿದರು. "ಒಂಬತ್ತಕ್ಕೆ ಇಲ್ಲಿ ಬಿಸಿಲು ಬರಬಹುದು," ಎಂದಷ್ಟೇ ಹೇಳಿದರು.

ಭಾನುವಾರ ಮಂಡಳಿಯಿಂದ ಬಂದ ಮೇಲ್ವಿಚಾರಕಿ ಕೋಣೆಯನ್ನು ತನ್ನ ವಶಕ್ಕೆ ತೆಗೆದುಕೊಂಡಳು. ಕಲಿಸಿದವರು ಒಳಗಿರುವಂತಿಲ್ಲ. ಅಕ್ಕ ತಂಗಿ ಮೆಟ್ಟಿಲ ತಿರುವಿನಲ್ಲಿ ನಿಂತರು. ಒಂಬತ್ತಕ್ಕೆ ಐದು ನಿಮಿಷವಿತ್ತು. ಮೊದಲ ತಂಡದ ಐದು ಮಂದಿ ಒಳಗಿದ್ದರು. ಆಯಾ ಬಂದಿರಲಿಲ್ಲ.

"ಬರ್ತಾಳೆ," ಎಂದರು ಮೇಡಂ.

"ನಾನೇನು ಬರಲ್ಲ ಅಂದ್ನಾ."

ಎರಡು ನಿಮಿಷವಿದ್ದಾಗ ಕೆಳಗೆ ಚಪ್ಪಲಿ ಸದ್ದಾಯಿತು. ಆಸ್ಪತ್ರೆಯ ಸಮವಸ್ತ್ರದಲ್ಲೇ ಇದ್ದಳು. ತೋಳಿನ ಮೇಲೆ ಔಷಧದ ಕಂದು ಕಲೆ. "ಏಳೂವರೆಗೆ ಒಂದು ಕೇಸ್ ಬಂತು," ಎಂದಳು, ನಿಲ್ಲದೆ. ಹೊಸ್ತಿಲ ಬಳಿ ಒಂದು ಕ್ಷಣ ನಿಂತು, ಬೆರಳಿನ ಪ್ಲಾಸ್ಟರನ್ನು ಹಲ್ಲಿನಿಂದ ಕಚ್ಚಿ ಕಿತ್ತು, ಮೇಡಂ ಕೈಗೆ ಕೊಟ್ಟು ಒಳಗೆ ಹೋದಳು.

ಬಾಗಿಲು ಮುಚ್ಚಿತು. ಆರು ಕೀಲಿಮಣೆಗಳ ಸದ್ದು ಹೊರಗೆ ಕೇಳುತ್ತಿತ್ತು, ಹಂಚಿನ ಮೇಲೆ ಕಾಳು ಚೆಲ್ಲಿದ ಹಾಗೆ. ಮೇಡಂ ಕಿವಿಗೊಟ್ಟು ಅದರಲ್ಲಿ ಒಂದನ್ನು ಬೇರೆ ಮಾಡಿ ಕೇಳಿದರು. ಹೊಡೆತ ಸಮನಾಗಿತ್ತು. ಆಗಾಗ ಒಂದು ಕೂದಲೆಳೆಯ ತಡೆ, ಬೆರಳು ಮೇಲೆ ಹೋಗಿ ಬರುವಷ್ಟು, ಮತ್ತೆ ಅದೇ ಲಯ. ತಂಗಿ ಏನೋ ಹೇಳಲು ಬಾಯಿ ತೆರೆದಾಗ ಮೇಡಂ ಕೈಯೆತ್ತಿ ತಡೆದರು.

ಒಂಬತ್ತೂವರೆಗೆ ಬಾಗಿಲು ತೆರೆಯಿತು. ಎಲ್ಲರಿಗಿಂತ ಕೊನೆಗೆ ಆಯಾ ಬಂದಳು. ಗೋಡೆ ಹಿಡಿದುಕೊಂಡು ಎರಡು ಮೆಟ್ಟಿಲಿಳಿದು, ಅಲ್ಲೇ ಕೂತುಬಿಟ್ಟಳು. ಎರಡೂ ಕೈಗಳನ್ನು ಮಡಿಲಿನಲ್ಲಿ ಅಂಗಾತ ಬಿಟ್ಟಳು.

"ನಿಲ್ತಾ?" ಎಂದು ಕೇಳಿದರು ಮೇಡಂ.

"ಇಲ್ಲ ಮೇಡಂ. ಒಂದು ಸಲಾನೂ ನಿಲ್ಲಲಿಲ್ಲ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. "ಕೊನೇಲಿ ಪರದೆ ಮೇಲೆ ತೋರಿಸ್ತು. ತಪ್ಪು ಆರು."

"ಅಂಕೀಲಿ?"

"ಅಂಕೀಲಿ ಇಲ್ಲ. ಎಲ್ಲಾ ಅಕ್ಷರದಲ್ಲಿ. ಇಂಗ್ಲಿಷಲ್ಲಿ ರಶೀದಿ ಅನ್ನೋದನ್ನ ಮೂರು ಸಲಾನೂ ತಪ್ಪು ಹೊಡೆದೆ."

"ಅದು ಎಲ್ಲರೂ ತಪ್ಪು ಹೊಡೀತಾರೆ," ಎಂದರು ಮೇಡಂ. ಸೀರೆಯ ನೆರಿಗೆ ಒತ್ತಿಕೊಂಡು ಅವಳ ಪಕ್ಕದ ಮೆಟ್ಟಿಲಿನಲ್ಲಿ ಕೂತರು. ಒಳಗೆ ಎರಡನೆಯ ತಂಡದವರ ಹೆಸರು ಕೂಗುತ್ತಿದ್ದರು.

ಕೆಳಗಿನಿಂದ ಫ್ಯೂಸಣ್ಣ ಬಂದ. ದಿನಾ ಹತ್ತಕ್ಕೆ ಅಂಗಡಿಯ ಬೆಂಚಿನ ಮೇಲೆ ಕೂತು ತಾನು ಉಣ್ಣುವ ಸ್ಟೀಲಿನ ಡಬ್ಬಿಯ ಮುಚ್ಚಳ ತೆಗೆದು, ಚಮಚವನ್ನು ಅಂಗಿಯ ಚುಂಗಿನಲ್ಲಿ ಒರೆಸಿ ಅದರೊಳಗಿಟ್ಟು, ಡಬ್ಬಿಯನ್ನು ಆಯಾಳ ಎರಡೂ ಕೈಗಳ ನಡುವೆ ಇಟ್ಟ. ಅನ್ನ ಇನ್ನೂ ಬಿಸಿಯಿತ್ತು. ಅವಳ ಬೆರಳುಗಳು ಡಬ್ಬಿಯನ್ನು ಹಿಡಿದುಕೊಳ್ಳುವವರೆಗೆ ಡಬ್ಬಿಯ ತಳಕ್ಕೆ ತನ್ನ ಅಂಗೈ ಕೊಟ್ಟುಕೊಂಡು ನಿಂತಿದ್ದು, ಆಮೇಲೆ ಮೆಲ್ಲಗೆ ಕೈ ತೆಗೆದುಕೊಂಡ.